ಕಾಣದಿದ್ದರೆ ಇಲ್ಲವೇ?

ಕಣ್ಣಿಗೆ ಬೀಳದ ಮಾತ್ರಕ್ಕೆ ಒಂದು ದೈತ್ಯ ಕೀಟ ಇಲ್ಲವೆನ್ನಬಹುದೇ? ಕುಮಾರಿಲ ಭಟ್ಟರ ಮೀಮಾಂಸೆ ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನೇ, ಒಂದು ಪ್ರಮಾಣವೆಂದು ಒಪ್ಪುತ್ತದೆ. ಆದರೆ ಷರತ್ತುಂಟು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿಗೆ ಮಾತ್ರ ಅದು ಸಲ್ಲುತ್ತದೆ. ಎಷ್ಟು ಸೂಕ್ಷ್ಮವಾದ ಷರತ್ತು!

ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಗೇಣಿಗೆ ತುಸು ಕಡಿಮೆ ಉದ್ದದ ಕಡ್ಡಿಹುಳುವೊಂದಿತ್ತು. 1918ರಲ್ಲಿ ದಡಕ್ಕೆ ಬಡಿದ ಹಡಗಿನಿಂದ ಇಲಿಗಳು ಇಳಿದವು. ಕೆಲವೇ ವರ್ಷಗಳಲ್ಲಿ ಹುಳು ನಿರ್ನಾಮವಾಯಿತೆಂದು ಎಲ್ಲರೂ ನಂಬಿದರು. 2001ರಲ್ಲಿ ಸಂಶೋಧಕರು 23 ಕಿ.ಮೀ. ದೂರದ ಬಾಲ್ಸ್ ಪಿರಮಿಡ್ ಎಂಬ ಕಡಿದಾದ ಬಂಡೆ ಹತ್ತಿದರು. ಪೊದೆಯೊಂದರ ಬುಡದಲ್ಲಿ ಹಸಿ ಹಿಕ್ಕೆ ಕಂಡಿತು. ಹುಳು ನಿಶಾಚರಿ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಹತ್ತಿದರು. ಪೊದೆಯ ಮೇಲೆ ಮಿರಮಿರ ಮಿಂಚುವ ಕಪ್ಪು ಮೈಗಳು!

ಹಗಲಲ್ಲಷ್ಟೇ ಹುಡುಕಿ ‘ಇಲ್ಲ’ ಎಂದಿದ್ದರೆ ಅದು ಪ್ರಮಾಣವಾಗುತ್ತಿರಲಿಲ್ಲ.

ಹಾಗೆಂದು ಏನು ಬೇಕಾದರೂ ಇರಬಹುದೆನ್ನಲಾಗದು. 30 ಕೋಟಿ ವರ್ಷಗಳ ಹಿಂದಿನ ಮೆಗಾನ್ಯೂರಾ ಎಂಬ ದೈತ್ಯ ಕೀಟದ ರೆಕ್ಕೆಗಳ ಹರವು ಸುಮಾರು ಎರಡಡಿ. ಆಗ ಗಾಳಿಯಲ್ಲಿ ಆಮ್ಲಜನಕವೂ ಹೆಚ್ಚಿತ್ತು. ಕೀಟಗಳಿಗೆ ಶ್ವಾಸಕೋಶವಿಲ್ಲ, ಸಣ್ಣ ನಾಳಗಳಲ್ಲೇ ಉಸಿರಾಟ. ನಾಯಿಯಷ್ಟು ದಪ್ಪದ ಜೀರುಂಡೆಗೆ ಇಂದಿನ ಗಾಳಿ ಸಾಲದು. ತೆಳು ಮೈಯ ಕಡ್ಡಿಹುಳುವಿನ ಮಾತೇ ಬೇರೆ: ಕ್ವೀನ್ಸ್‌ಲ್ಯಾಂಡ್‌ನ ಮಳೆಕಾಡಿನ ಮರದ ನೆತ್ತಿಯಲ್ಲಿ ಬದುಕುವ, ಸುಮಾರು 40 ಸೆಂ.ಮೀ. ಉದ್ದದ ಹೊಸ ಪ್ರಭೇದಕ್ಕೆ ವಿಜ್ಞಾನ ಹೆಸರಿಟ್ಟಿದ್ದು 2025ರಲ್ಲಿ.