ಡಿಐ-108ರೊಳಗೆ ಕೂತಿದ್ದವನು

ಪ್ಲಾಸ್ಟಿಕ್ ವಿಮಾನ ಜೋಡಿಸುವ ಹುಚ್ಚು ನನಗೆ ಕಾಲೇಜಿನ ದಿನಗಳಿಂದ ಇದೆ. ರೆಕ್ಕೆ, ಗಾಲಿ ಅಂಟಿಸುವುದಕ್ಕಿಂತ ಹೆಚ್ಚಿನ ಖುಷಿ ಕೊನೆಯ ಕೆಲಸದಲ್ಲಿ. ಅಂಕಿ ಅಕ್ಷರಗಳಿರುವ ತೆಳು ಹಾಳೆಯನ್ನು ನೀರಿನಲ್ಲಿ ನೆನೆಸಿ, ವಿಮಾನದ ಬಾಲದ ಮೇಲೆ ಮೆಲ್ಲಗೆ ಜಾರಿಸಿ ಕೂರಿಸುವುದು. ಎರಡನೆಯ ಮಹಾಯುದ್ಧದ ಜಪಾನಿ ನೌಕಾಪಡೆಯ ವಿಮಾನಗಳ ಬರಹವನ್ನು ಓದಲು ಕಲಿತದ್ದು ಹಾಗೆ.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಹಾರಿದ ವಿಮಾನಗಳನ್ನೇ ತೆಗೆದುಕೊಳ್ಳಿ. ಬಾಲದಲ್ಲಿ ‘ಎ’ ಮತ್ತು ಪಕ್ಕದಲ್ಲಿ ಒಂದು ಗೀಟಿದ್ದರೆ ಅದು ಅಕಾಗಿ ಹಡಗಿನದು. ಎರಡು ಗೀಟಿದ್ದರೆ ಕಾಗಾ. ‘ಬಿ’ ಆದರೆ ಸೋರ್ಯು ಅಥವಾ ಹಿರ್ಯು. ಅಕ್ಷರ ದಳವನ್ನು ಹೇಳುತ್ತದೆ, ಗೀಟು ಹಡಗನ್ನು. ಮುಂದಿನ ಅಂಕಿ ನೂರರ ಸಾಲಿನದಾದರೆ ಫೈಟರ್, ಇನ್ನೂರರದಾದರೆ ಡೈವ್ ಬಾಂಬರ್, ಮುನ್ನೂರರದಾದರೆ ಟಾರ್ಪಿಡೊ ಹೊರುವಂಥದು. ಮಸುಕು ಫೋಟೋ ಕಂಡರೂ ಸಾಕು, ಗೆಳೆಯರೆದುರು ಇದನ್ನೆಲ್ಲ ಒಪ್ಪಿಸಿ ಬೀಗುತ್ತಿದ್ದೆ. ಕೇಳಿದವರು ಆಕಳಿಸುತ್ತಿದ್ದರು, ಅದು ಬೇರೆ ಮಾತು.

ಹೋದ ಮಳೆಗಾಲದಲ್ಲಿ ಜೋಡಿಸಿದ ಝೀರೋ ವಿಮಾನದ ಬಾಲಕ್ಕೆ ಬಂದ ಬರಹ ‘ಡಿಐ-108’. ನಾಲ್ಕನೆಯ ವಿಮಾನವಾಹಕ ದಳ, ಅದರ ಮೊದಲ ಹಡಗು ರ್ಯೂಜೊ, ಫೈಟರ್. ಅರ್ಧ ನಿಮಿಷದ ಓದು. ಆದರೆ ಈ ಒಂದು ವಿಮಾನದ ಕತೆ ವಿವರವಾಗಿ ದಾಖಲಾಗಿದೆ. ಅದನ್ನು ಓದಿದ ಮೇಲೆ ನನ್ನ ಜಾಣತನದ ಬಗ್ಗೆಯೇ ಮುಜುಗರವಾಯಿತು.

1942ರ ಜೂನ್ 4ರಂದು ಅದರಲ್ಲಿ ಕೂತಿದ್ದವನು ತಾದಯೋಶಿ ಕೋಗಾ, 19 ವರ್ಷದ ಹುಡುಗ. ಅಲಾಸ್ಕಾದ ಡಚ್ ಹಾರ್ಬರ್ ಮೇಲಿನ ದಾಳಿಯಲ್ಲಿ ಅವನ ವಿಮಾನದ ಎಣ್ಣೆಯ ಕೊಳವೆಗೆ ಗುಂಡು ತಗುಲಿತು. ಹಡಗಿಗೆ ಮರಳುವಂತಿರಲಿಲ್ಲ. ತುರ್ತು ಇಳಿಯುವಿಕೆಗೆಂದು ಗೊತ್ತುಮಾಡಿದ್ದ ಅಕುಟಾನ್ ದ್ವೀಪದ ಕಡೆಗೆ ಹೋದ. ಮೇಲಿನಿಂದ ಗಟ್ಟಿ ಹುಲ್ಲುಗಾವಲಿನಂತೆ ಕಂಡದ್ದು ಜೌಗು ನೆಲ. ಗಾಲಿ ಹೂತು ವಿಮಾನ ಮಗುಚಿಕೊಂಡಿತು. ಜೊತೆಗಿದ್ದ ಇನ್ನಿಬ್ಬರು ಪೈಲಟ್‌ಗಳಿಗೆ ಸ್ಪಷ್ಟ ಆಜ್ಞೆಯಿತ್ತು: ಶತ್ರುವಿನ ನೆಲದಲ್ಲಿ ಬಿದ್ದ ಝೀರೋವನ್ನು ಸುಟ್ಟುಬಿಡಬೇಕು. ಒಳಗೆ ಕೋಗಾ ಬದುಕಿರಬಹುದು ಎಂದು ಅವರಿಗೆ ಗುಂಡು ಹಾರಿಸಲಾಗಲಿಲ್ಲ, ಹೊರಟುಹೋದರು.

ಅವನೋ ಕತ್ತು ಮುರಿದು ಆಗಲೇ ಸತ್ತಿದ್ದ. ಜುಲೈ 10ರಂದು ಅಮೆರಿಕದ ಗಸ್ತಿನ ವಿಮಾನವೊಂದು ಆ ಜೌಗಿನಲ್ಲಿ ಝೀರೋವನ್ನು ಕಂಡಿತು. ಅದನ್ನು ಸ್ಯಾನ್ ಡಿಯೇಗೊಗೆ ಸಾಗಿಸಿ, ರಿಪೇರಿ ಮಾಡಿ, ಸೆಪ್ಟೆಂಬರಿನಲ್ಲಿ ಹಾರಿಸಿಯೇಬಿಟ್ಟರು. ವೇಗ ಹೆಚ್ಚಿದಂತೆ ಅದು ಹೊರಳಲು ಹೆಣಗುತ್ತದೆ, ಥಟ್ಟನೆ ಮೂಗು ಕೆಳಗೆ ಮಾಡಿದರೆ ಎಂಜಿನ್ ನಿಂತುಹೋಗುತ್ತದೆ ಎಂಬುದೆಲ್ಲ ಹೀಗೆ ಬಯಲಾಯಿತು. ವಿಮಾನದ ಒಂದೊಂದು ಅಂಗವನ್ನೂ ಓದಿದರು.

ಕೋಗಾನನ್ನು ಅಲ್ಲೇ ದ್ವೀಪದಲ್ಲಿ ಹೂತಿದ್ದರು. 1947ರಲ್ಲಿ ಎಲುಬುಗಳನ್ನು ತೆಗೆದು ಅಡಾಕ್ ದ್ವೀಪಕ್ಕೆ ಒಯ್ದಾಗ ಬರೆದುಕೊಂಡದ್ದು ‘ಗುರುತು ಸಿಗದವನು’ ಎಂದು. 1953ರಲ್ಲಿ ಅಲ್ಲಿದ್ದವರನ್ನೆಲ್ಲ ಜಪಾನಿಗೆ ಕಳಿಸಿದರು. ಗುರುತು ಸಿಗದವರ ಬೂದಿ ಟೋಕಿಯೊದ ಚಿದೊರಿಗಾಫುಚಿ ಸ್ಮಶಾನ ಸೇರಿತು. ಜಿಮ್ ರೀರ್ಡನ್ ಎಂಬ ಲೇಖಕ 1988ರಲ್ಲಿ ಅಕುಟಾನಿಗೆ ಹೋಗಿ ಹುಡುಕಿದಾಗ ಸಿಕ್ಕಿದ್ದು ಖಾಲಿ ಗುಂಡಿ.

ಬಾಲದ ಮೇಲಿನ ಆ ಅಕ್ಷರ, ಅಂಕಿಗಳಲ್ಲಿ ದಳಕ್ಕೆ ಜಾಗವಿತ್ತು, ಹಡಗಿಗಿತ್ತು, ಮನುಷ್ಯನಿಗಿರಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಬರಬೇಕೋ ತಿಳಿಯಲಿಲ್ಲ. ಹೂತವರು ಮಣ್ಣಾದರೂ ಕೊಟ್ಟಿದ್ದರು, ಅವರನ್ನು ಹೇಗೆ ಬೈಯಲಿ?

ಕತೆ ಇಷ್ಟೇ ಆಗಿದ್ದರೆ ಕೋಗಾನಿಗಾಗಿ ಮರುಗಿ ಸುಮ್ಮನಾಗಬಹುದಿತ್ತು. ಆದರೆ ಅದೇ ದಿನ, ಇಳಿಯುವುದಕ್ಕೆ ಮೊದಲು, ಈ ಮೂರು ವಿಮಾನಗಳು ಅಮೆರಿಕದ ಒಂದು ಕ್ಯಾಟಲೀನಾ ವಿಮಾನವನ್ನು ಹೊಡೆದು ಬೀಳಿಸಿದ್ದವು. ನೀರಿಗೆ ಬಿದ್ದು ಬದುಕಿದ್ದವರ ಮೇಲೂ ಗುಂಡಿನ ಮಳೆ ಸುರಿಸಿದ್ದವು. ಜೌಗಿನಲ್ಲಿ ಮಗುಚಿದ ಗೆಳೆಯನ ಮೇಲೆ ಬಂದೂಕಿನ ಗುಂಡಿ ಒತ್ತಲಾರದ ಬೆರಳುಗಳು ಅವೇ. ಒಂದೇ ದಿನ, ಅವೇ ಬೆರಳು. ಇದನ್ನು ನಾನು ಎಷ್ಟೋ ಸಲ ತಿರುಗಿ ತಿರುಗಿ ಯೋಚಿಸಿದ್ದೇನೆ. ಜೌಗಿನಲ್ಲಿದ್ದವನ ಹೆಸರು ಅವರಿಗೆ ಗೊತ್ತಿತ್ತು. ನೀರಿನಲ್ಲಿದ್ದವರ ಬಗ್ಗೆ ಗೊತ್ತಿದ್ದದ್ದು ರೆಕ್ಕೆಯ ಮೇಲಿನ ನಕ್ಷತ್ರವೊಂದೇ. ಅಷ್ಟನ್ನು ಓದಿಕೊಂಡರು, ಓದು ಅಲ್ಲಿಗೇ ಮುಗಿಯಿತು. ನನ್ನ ಅರ್ಧ ನಿಮಿಷದ ಓದಿಗೂ ಅದಕ್ಕೂ ಎಷ್ಟು ದೂರ? ನಾನು ಯಾರನ್ನೂ ಕೊಲ್ಲುವುದಿಲ್ಲ, ನಿಜ. ಆದರೆ ಬಾಲ ಓದಿ ತೃಪ್ತಿಪಡುವ ಅಭ್ಯಾಸ ಅದೇ ಜಾತಿಯದು ಅನಿಸುತ್ತದೆ.

ಇಂಥವನಿಗೆ ಹೆಸರು ಯಾಕೆ ಬೇಕು ಎಂದು ನೀವು ಕೇಳಬಹುದು. ನನಗೆ ಬೇಕು, ಮರುಗುವುದಕ್ಕಷ್ಟೇ ಅಲ್ಲ. ‘ಡಿಐ-108’ ತಪ್ಪು ಮಾಡಲಾರದು. ಆ ಮಧ್ಯಾಹ್ನ ನೀರಿನಲ್ಲಿ ಸತ್ತವರ ಪರವಾಗಿ ಯಾರನ್ನಾದರೂ ಕೇಳುವುದಿದ್ದರೆ ಕೋಗಾನನ್ನೇ, ಅವನ ಜೊತೆಗಾರರನ್ನೇ ಕೇಳಬೇಕು. ಅಂಕಿಯ ಹಿಂದೆ ಬಿಟ್ಟುಬಿಟ್ಟರೆ ಅವನಿಗೆ ಗೋರಿಯೂ ಇಲ್ಲ, ಕಟಕಟೆಯೂ ಇಲ್ಲ.

ಆ ಝೀರೋ 1945ರ ಫೆಬ್ರವರಿಯಲ್ಲಿ ನೆಲದ ಮೇಲೆಯೇ ಇನ್ನೊಂದು ವಿಮಾನದ ಪ್ರೊಪೆಲರಿಗೆ ಸಿಕ್ಕಿ ನುಚ್ಚಾಯಿತು. ನನ್ನದು ಶೆಲ್ಫಿನ ಮೇಲಿದೆ, ಬಾಲದ ಅಂಕಿ ಚೂರೂ ಸೊಟ್ಟಗಿಲ್ಲ. ಮೊನ್ನೆ ಕ್ಯಾಟಲೀನಾದ ಡಬ್ಬಿಯೊಂದನ್ನು ತರಿಸಿದೆ. ಇನ್ನೂ ಬಿಚ್ಚಿಲ್ಲ. ಅವತ್ತು ಅದರಲ್ಲಿದ್ದವರ ಹೆಸರು ಹುಡುಕುತ್ತಿದ್ದೇನೆ. ಪೈಲಟ್‌ನದು ಸಿಕ್ಕಿದೆ, ಬಡ್ ಮಿಚೆಲ್.