ಮಗುವಿನ ದೇಹ, ಹಿರಿಯರ ಅವಸರ

ಹದಿಹರೆಯದ ಹುಡುಗನೊಬ್ಬ ತಾನು ಹುಡುಗಿ ಎಂದರೆ, ಹುಡುಗಿಯೊಬ್ಬಳು ತಾನು ಹುಡುಗ ಎಂದರೆ ಹೆತ್ತವರು ಏನು ಮಾಡಬೇಕು? ಇದು ಲಂಡನ್, ನ್ಯೂಯಾರ್ಕಿನವರ ಪ್ರಶ್ನೆ, ಮೋಟೆಬೆನ್ನೂರಿನಂಥ ಊರಿಗೆ ಇದರ ಗೊಡವೆ ಇಲ್ಲ ಎಂದು ನಮ್ಮಲ್ಲಿ ಹಲವರು ಭಾವಿಸಿದ್ದೇವೆ. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಜನರಿಗೆ ಜೋಗಪ್ಪಂದಿರು ಅಪರಿಚಿತರಲ್ಲ. ಈ ಪ್ರಶ್ನೆಗೆ ಉತ್ತರ ಕರ್ನಾಟಕ ಒಂದು ಉತ್ತರವನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಗಂಡುಮಗನಲ್ಲಿ ಹೆಣ್ಣಿನ ನಡೆನುಡಿ ಕಂಡರೆ ಅದು ದೇವಿಯ ಕರೆಯೆಂದು ಬಗೆದು ಮುತ್ತು ಕಟ್ಟಿಸುತ್ತಿದ್ದರು. ಆ ಬಳಿಕ ಅವನಿಗೆ ಮನೆಯೂ ಇಲ್ಲ, ಮರಳುವ ದಾರಿಯೂ ಇಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿಯವರಿಗೆ ಹದಿಹರೆಯದಲ್ಲೇ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಲಾಯಿತು. ಅವರು ವಿಷ ಕುಡಿದು ಬದುಕುಳಿದರು, ಭಿಕ್ಷೆ ಬೇಡಿದರು, ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಆದರೆ ವಿಷ ಕುಡಿಯುವ ಸ್ಥಿತಿಗೆ ಒಂದು ಎಳೆಯ ಜೀವವನ್ನು ತಂದವರು ಯಾರು ಎಂದು ಕೇಳಲಿಲ್ಲ.

ಇಂದು ಮುತ್ತಿನ ಜಾಗಕ್ಕೆ ಔಷಧಿ ಬಂದಿದೆ. ಪ್ರೌಢಾವಸ್ಥೆಯನ್ನು ತಡೆಯುವ ಚುಚ್ಚುಮದ್ದು, ನಂತರ ಹಾರ್ಮೋನು, ಕೊನೆಗೆ ಶಸ್ತ್ರಚಿಕಿತ್ಸೆ. ಬ್ರಿಟನ್ನಿನಲ್ಲಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ 2024ರಲ್ಲಿ ಸಲ್ಲಿಸಿದ ವರದಿಯು, ಮಕ್ಕಳಿಗೆ ಈ ಔಷಧಿ ಕೊಡಲು ಇರುವ ವೈಜ್ಞಾನಿಕ ಆಧಾರ ದುರ್ಬಲವೆಂದಿತು. ಸ್ವೀಡನ್, ಫಿನ್ಲೆಂಡ್‌ಗಳು ಅದಕ್ಕೂ ಮೊದಲೇ ಎಚ್ಚರಿಕೆಯ ಹಾದಿ ಹಿಡಿದಿದ್ದವು. ಹಲವು ವೈದ್ಯರು ಇದನ್ನು ಒಪ್ಪುವುದಿಲ್ಲ. ಪ್ರೌಢಾವಸ್ಥೆ ಯಾರಿಗೂ ಕಾಯುವುದಿಲ್ಲ, ಕಾಯುವುದೂ ಒಂದು ತೀರ್ಮಾನವೇ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ಗಂಡು ಹೆಣ್ಣೆಂದು ಸ್ಪಷ್ಟವಾಗದ ದೇಹದೊಂದಿಗೆ ಕೆಲವರು ಹುಟ್ಟುತ್ತಾರೆ. ಇಸ್ಲಾಮೀ ಕರ್ಮಶಾಸ್ತ್ರವು ಅವರನ್ನು 'ಖುನ್ಸಾ' ಎಂದು ಕರೆದು, ಅವರ ವಾರಸು ಹಕ್ಕಿನ ಪಾಲನ್ನೂ ಚರ್ಚಿಸಿದೆ. ಅವರು ಕುಟುಂಬದ ಹೊರಗಿನವರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಅಂಥ ಶಿಶುಗಳ ಮೇಲೆ ಅನಗತ್ಯ ಶಸ್ತ್ರಚಿಕಿತ್ಸೆ ಕೂಡದೆಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿತು. ದೇಹದಲ್ಲಿ ಅಸ್ಪಷ್ಟತೆ ಇಲ್ಲದೆಯೂ ಮನಸ್ಸು ಬೇರೆ ಹೇಳುವುದು ಇನ್ನೊಂದು ಸಂಗತಿ. ಇವರಲ್ಲಿ ವಯಸ್ಕರ ಶಸ್ತ್ರಚಿಕಿತ್ಸೆಯ ಬಗ್ಗೆ ಮುಸ್ಲಿಮ್ ವಿದ್ವಾಂಸರಲ್ಲೂ ಒಮ್ಮತವಿಲ್ಲ. ಇರಾನಿನಲ್ಲಿ ಖೊಮೇನಿ 1980ರ ದಶಕದಲ್ಲಿ ಅನುಮತಿಸಿದರು, ಹೆಚ್ಚಿನ ಸುನ್ನಿ ವಿದ್ವಾಂಸರು ಒಪ್ಪುವುದಿಲ್ಲ.

ಆದರೆ ಮಕ್ಕಳ ವಿಷಯದಲ್ಲಿ ನಮಗೆ ಒಂದು ಮಾತು ಸ್ಪಷ್ಟವಾಗಿ ತೋರುತ್ತದೆ. ದೇಹವು ಅಮಾನತು. ಮಗುವಿನ ದೇಹವಂತೂ ಅದು ದೊಡ್ಡದಾಗುವವರೆಗೆ ನಮ್ಮ ಕೈಯಲ್ಲಿರುವ ಅಮಾನತು. ಹಿಂದಕ್ಕೆ ತರಲಾಗದ ಹೆಜ್ಜೆಯನ್ನು ದೇವಿಯ ಹೆಸರಲ್ಲಾಗಲಿ, ವಿಜ್ಞಾನದ ಹೆಸರಲ್ಲಾಗಲಿ ಎಳೆಯ ವಯಸ್ಸಿನಲ್ಲಿ ಇಡಿಸುವ ಅಧಿಕಾರ ನಮಗಿಲ್ಲ.

ಹಾಗೆಂದು ಬೈದು, ಹೊಡೆದು, ಹೊರಗಟ್ಟುವ ಅಧಿಕಾರ ಇದೆಯೇ? ಅದೂ ಇಲ್ಲ. 'ದೊಡ್ಡವನಾಗುವವರೆಗೆ ಕಾಯಿ' ಎನ್ನುವ ತಂದೆ ಅಷ್ಟು ವರ್ಷವೂ ಮಗುವಿನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಬೇಕು, ಅದರ ಮಾತು ಕೇಳಬೇಕು, ಶಾಲೆಯಲ್ಲಿ ಗೇಲಿ ಮಾಡಿದವರ ಎದುರು ನಿಲ್ಲಬೇಕು, ಬೇಕಾದರೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಸರಕಾರಿ ಉದ್ಯೋಗದಲ್ಲಿ ತೃತೀಯ ಲಿಂಗಿಗಳಿಗೆ ಶೇ. 1 ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ಕೊಟ್ಟಿತು. ಆದರೆ ಹದಿನಾಲ್ಕರಲ್ಲಿ ಮನೆಯಿಂದ ಹೊರಬಿದ್ದ ಮಗು ಆ ಉದ್ಯೋಗಕ್ಕೆ ಬೇಕಾದ ವಿದ್ಯೆಯನ್ನು ಎಲ್ಲಿ ಕಲಿಯಬೇಕು? ಅದಕ್ಕೆ ಮೊದಲು ಮನೆಯಲ್ಲಿ ಜಾಗ ಸಿಗಬೇಕು. ಆ ಜಾಗವನ್ನು ಸರಕಾರ ಕೊಡಲಾರದು, ನಾವೇ ಕೊಡಬೇಕು.