ಕತ್ತಿಯೋ, ಸಾಣೆಕಲ್ಲೋ

(ವಸುಧಾ ಕಾಸ್ಟ್ ಅಕೌಂಟೆಂಟ್. ಅವಳ ಚಿಕ್ಕಪ್ಪನ ಮಗ ನಿಖಿಲ ತತ್ವಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾನೆ. ಇಬ್ಬರೂ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್’ ಆಡುವವರು. 2004ರಲ್ಲಿ ಬಂದ ಆಟವನ್ನು ಹೆಚ್ಚುಕಡಿಮೆ ಅದರ ಹಳೆಯ ರೂಪದಲ್ಲೇ 2019ರಲ್ಲಿ ಮತ್ತೆ ತೆರೆದ ಆವೃತ್ತಿ ಅದು. ಅಲ್ಲಿ ಒಂದು ಪಾತ್ರ ಎರಡೇ ಮುಖ್ಯ ಕಸುಬು ಕಲಿಯಬಹುದು. ನಿಖಿಲನ ಹೊಸ ಯೋಧ ಹತ್ತನೇ ಲೆವೆಲ್ ದಾಟಿದ್ದಾನೆ.)

ನಿಖಿಲ: ಅಕ್ಕ, ಮೈನಿಂಗ್ ಕಲಿತಾಯ್ತು. ಎರಡನೇ ಕಸುಬು ಕಮ್ಮಾರಿಕೆ ತಗೊಳ್ಳೋಣ ಅಂತಿದ್ದೀನಿ.

ವಸುಧಾ: ಬೇಡ. ಚರ್ಮ ಸುಲಿಯೋದು ತಗೋ. ಹೇಗೂ ದಾರಿಯುದ್ದಕ್ಕೂ ತೋಳ, ಕರಡಿ ಹೊಡೀತಾ ಹೋಗ್ತೀಯ. ಅದಿರು, ಚರ್ಮ ಎರಡನ್ನೂ ಆಕ್ಷನ್ ಹೌಸ್‌ಗೆ ಹಾಕು. ನಲವತ್ತನೇ ಲೆವೆಲ್‌ಗೆ ಸವಾರಿ ಕಲಿತು ಕುದುರೆ ಕೊಳ್ಳೋಕೆ ಹತ್ತಿರಹತ್ತಿರ 100 ಗೋಲ್ಡ್ ಬೇಕು. ಕಮ್ಮಾರಿಕೆ ಹಿಡಿದವನು ಆ ಹೊತ್ತಿಗೂ ಕಾಲ್ನಡಿಗೆಯಲ್ಲೇ ಇರ್ತಾನೆ.

ನಿಖಿಲ: ಯಾಕೆ? ಅದಿರು ನಾನೇ ಅಗೆದದ್ದು, ಕುಲುಮೆ ಊರಲ್ಲೇ ಇದೆ. ಖರ್ಚು ಎಲ್ಲಿಂದ ಬಂತು?

ವಸುಧಾ: ಬಾಹ್ಯಾಕಾಶ ನೌಕೆಗಳ ಆಟ ‘ಈವ್ ಆನ್‌ಲೈನ್’ ಆಡುವವರಲ್ಲಿ ಇದು ಹಳೇ ಜೋಕು, ‘ನಾನೇ ಅಗೆದ ಖನಿಜ ಪುಕ್ಕಟೆ’ ಅನ್ನೋದು. ಹೊಸಬರು ಒಳಗೆ ಹಾಕಿದ ಖನಿಜದ ಬೆಲೆಗಿಂತ ಕಮ್ಮಿಗೆ ನೌಕೆ ಮಾರಿ, ಬಂದದ್ದೆಲ್ಲ ಲಾಭ ಅಂತ ಕುಣೀತಾರೆ. ನಿನ್ನ ಲೆಕ್ಕಾನೇ ನೋಡು. ಒಂದು ತಾಮ್ರದ ಸರಪಳಿ ಪಟ್ಟಿಗೆ ಆರು ತಾಮ್ರದ ಗಟ್ಟಿ ಬೇಕು. ಆ ಆರನ್ನ ಹಾಗೇ ಮಾರಿದ್ರೆ ಏನು ಬರ್ತಿತ್ತೋ ಅದೇ ಪಟ್ಟಿಯ ಅಸಲು. ಪಟ್ಟಿ ಅದಕ್ಕಿಂತ ಕಮ್ಮಿಗೆ ಹೋದ್ರೆ ನೀನು ಸುತ್ತಿಗೆ ಹೊಡೆದು ಬೆಲೆ ಇಳಿಸಿದ ಹಾಗಾಯ್ತು.

ನಿಖಿಲ: ಮಾಡಿದ ವಸ್ತು ಕಚ್ಚಾ ಮಾಲಿಗಿಂತ ಅಗ್ಗ ಆಗೋದು ವಿಚಿತ್ರ ಅಲ್ವಾ?

ವಸುಧಾ: ಆ ಪಟ್ಟಿಯನ್ನ ಯಾರೂ ತೊಡೋಕೆ ಮಾಡಲ್ಲ ಕಣೋ. ಸ್ಕಿಲ್ ಒಂದರಿಂದ 300ಕ್ಕೆ ಏರಬೇಕು. ಏನೇನು ಮಾಡಬಹುದು ಅನ್ನೋ ಯಾದಿಯಲ್ಲಿ ವಸ್ತುವಿನ ಹೆಸರು ಕಿತ್ತಳೆ ಬಣ್ಣದಲ್ಲಿದ್ರೆ ಮಾಡಿದಾಗೆಲ್ಲ ಒಂದು ಅಂಕ ಖಾತ್ರಿ. ಹಳದಿ ಆದ್ರೆ ಬಹುಪಾಲು ಬರುತ್ತೆ, ಹಸಿರು ಆದ್ರೆ ಅಪರೂಪ, ಬೂದಿ ಬಣ್ಣಕ್ಕೆ ತಿರುಗಿದ್ರೆ ಏನೂ ಇಲ್ಲ. ಎಲ್ಲರೂ ಅಂಕಕ್ಕೋಸ್ಕರ ಒಂದೇ ವಸ್ತು ಮಾಡಿ ಪೇಟೆಗೆ ಸುರಿದಾಗ ಗಟ್ಟಿಗೆ ಬೇಡಿಕೆ ಇರುತ್ತೆ, ಪಟ್ಟಿಗೆ ಇರಲ್ಲ. ಮಾರಾಟವಾದ ಮೇಲೂ ಆಕ್ಷನ್ ಹೌಸ್ 5 ಪರ್ಸೆಂಟ್ ಹಿಡ್ಕೊಳ್ಳುತ್ತೆ.

ನಿಖಿಲ: ಸರಿ, ಲೆಕ್ಕ ಒಪ್ಪಿದೆ. ಆದ್ರೆ ಆ ಗೋಲ್ಡ್ ಯಾತಕ್ಕೆ? ಕುದುರೆಗೆ. ಕುದುರೆ ಬೇಗ ಲೆವೆಲ್ ಏರೋಕೆ. ಲೆವೆಲ್ ರೇಡ್‌ಗೆ, ಅಂದ್ರೆ ಗುಂಪು ಕಟ್ಕೊಂಡು ಮಾಡೋ ದಾಳಿಗೆ, ಹೋಗೋಕೆ. ಒಂದಕ್ಕೆ ಇನ್ನೊಂದು ಸಾಧನ ಅಂತ ಹೋಗ್ತಾ ಇದ್ರೆ ಆಡೋದು ಯಾವಾಗ? ಬರ್ನಾರ್ಡ್ ಸೂಟ್ಸ್ ಅನ್ನೋ ತತ್ವಜ್ಞಾನಿ 1978ರಲ್ಲಿ ‘ದ ಗ್ರಾಸ್‌ಹಾಪರ್’ ಅಂತ ಪುಸ್ತಕ ಬರೆದ. ಅವನ ವಾದದಲ್ಲಿ, ಬೇಕಿಲ್ಲದ ಅಡ್ಡಿಗಳನ್ನ ಇಷ್ಟಪಟ್ಟು ಮೈಮೇಲೆ ಹಾಕ್ಕೊಂಡು ದಾಟೋ ಪ್ರಯತ್ನವೇ ಆಟ. ಚೆಂಡನ್ನ ಕೈಯಲ್ಲಿ ಎತ್ಕೊಂಡು ಹೋಗಿ ಗುಳಿಗೆ ಹಾಕಿದ್ರೆ ಅದು ಗಾಲ್ಫ್ ಅಲ್ಲ. ಮಾಡೋದಕ್ಕಿಂತ ಅದಿರು ಮಾರೋದು ಸುಲಭ ಅಂತ ನೀನು ಹೇಳೋದು, ಚೆಂಡನ್ನ ಕೈಯಲ್ಲಿ ಎತ್ಕೊಂಡು ಹೋಗು ಅಂದ ಹಾಗೆ.

ವಸುಧಾ: ಆ ಅಡ್ಡಿ ಎಲ್ಲಿದೆ ತೋರಿಸು. ಈ ಆಟದಲ್ಲಿ ಕುಲುಮೆ ಮುಂದೆ ನಿಂತು ಎಷ್ಟು ಬೇಕು ಅಂತ ಒತ್ತಿದ್ರೆ ಗೆರೆ ತುಂಬುತ್ತೆ, ಖಾಲಿ ಆಗುತ್ತೆ, ಮತ್ತೆ ತುಂಬುತ್ತೆ. ನೀನು ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದ್ರೂ ಪಟ್ಟಿಗಳು ರೆಡಿ. ‘ಫೈನಲ್ ಫ್ಯಾಂಟಸಿ 14’ರಲ್ಲಾದ್ರೆ ನಿನ್ನ ವಾದ ನಿಲ್ಲುತ್ತೆ. ಅಲ್ಲಿ ತಯಾರಿಕೆ ಕಸುಬೇ ಎಂಟಿವೆ. ವಸ್ತು ಎಷ್ಟು ಮುಗೀತು, ಗುಣಮಟ್ಟ ಎಷ್ಟಕ್ಕೆ ಬಂತು, ಇನ್ನೆಷ್ಟು ಪೆಟ್ಟು ತಡ್ಕೊಳ್ಳುತ್ತೆ ಅಂತ ಮೂರನ್ನೂ ಒಟ್ಟಿಗೆ ನೋಡ್ಕೋಬೇಕು. ಗುಣಮಟ್ಟದ ಆಸೆಗೆ ಎರಡು ಪೆಟ್ಟು ಹೆಚ್ಚು ಹಾಕಿದ್ರೆ ಮುಗಿಯೋ ಮುಂಚೆ ವಸ್ತು ಹಾಳಾಗುತ್ತೆ. ಅದು ಸೂಟ್ಸ್ ಹೇಳಿದ ಆಟ. ನಿಂದು ಕರೆಂಟ್ ಬಿಲ್ ಕಟ್ಟಿದ ಹಾಗೆ.

ನಿಖಿಲ: ಅಂದ್ರೆ ಮಾಡೋ ಕ್ಷಣದಲ್ಲಿ ರುಚಿ ಇಲ್ಲ ಅಂತಿಟ್ಕೊಳ್ಳೋಣ. ಮಾಡಿದ ಮೇಲೆ? ಕತ್ತಿಯ ಮೇಲೆ ‘ಇಂಥವನು ಮಾಡಿದ್ದು’ ಅಂತ ನನ್ನ ಹೆಸರು ಹಸಿರು ಅಕ್ಷರದಲ್ಲಿ ಬರುತ್ತೆ. ಗುಹೆಯಲ್ಲಿ ಸಿಕ್ಕ ಕತ್ತಿಗೆ ಆ ಸಾಲು ಇರಲ್ಲ.

ವಸುಧಾ: ಹೆಸರಿನ ಆಸೆ ನಿನಗೆ. ಹಾಗಾದ್ರೆ ನೀನೇ ಹಿಡಿಯೋ ಕತ್ತಿ ಮೇಲೆ ನಿನ್ನ ಹೆಸರು ಓದೋರು ಯಾರು? ‘ಲಯನ್‌ಹಾರ್ಟ್ ಹೆಲ್ಮ್’ ಗೊತ್ತಲ್ಲ, ಯೋಧರು ಪ್ರಾಣ ಬಿಡೋ ಶಿರಸ್ತ್ರಾಣ. ಅದನ್ನ ತೊಡೋಕೆ ಕಮ್ಮಾರ ಆಗಬೇಕಿಲ್ಲ. ಥೋರಿಯಂ, ಆರ್ಕನೈಟ್ ಎಲ್ಲ ಜೋಡಿಸ್ಕೊಂಡು ಮಾಡಬಲ್ಲವನ ಕೈಗೆ ಕೊಟ್ಟು, ಒಂದಿಷ್ಟು ಟಿಪ್ಸ್ ಕೊಟ್ರೆ ಆಯ್ತು.

ನಿಖಿಲ: ಅಕ್ಕ, ನನ್ನ ವಾದಕ್ಕೆ ನೀನೇ ಬಲ ಕೊಟ್ಟೆ! ಆಗ ನನ್ನ ಹೆಸರು ಇನ್ನೊಬ್ಬನ ತಲೆ ಮೇಲಿರುತ್ತೆ. ನಾನು ಮಾಡಿದ್ದು ಅವನು ತೊಟ್ಟಾಗಲೇ ಪೂರ್ತಿ ಆಗೋದು. ಕಸುಬು ಅಂದ್ರೆ ನನಗೆ ನಾನೇ ಮಾಡ್ಕೊಳ್ಳೋದಲ್ಲ.

ವಸುಧಾ: ಒಪ್ಪಿದೆ. ಆದ್ರೆ ಅವನು ಮತ್ತೆ ನಿನ್ನ ಹತ್ತಿರ ಬರ್ತಾನಾ? ಒಮ್ಮೆ ತೊಟ್ಟ ಹೆಲ್ಮೆಟ್ ಅವನಿಗೇ ಅಂಟಿಕೊಳ್ಳುತ್ತೆ, ಬೇರೆಯವರಿಗೆ ಮಾರೋಕಾಗಲ್ಲ. ಸತ್ತಾಗ ಸವೆಯುತ್ತೆ ನಿಜ, ಆದ್ರೆ ರಿಪೇರಿ ಮಾಡೋದು ನೀನಲ್ಲ. ಆಟದವರೇ ನಿಲ್ಲಿಸಿದ ಅಂಗಡಿಯವನು ದುಡ್ಡು ತಗೊಂಡು ಚಿಟಿಕೆ ಹೊಡೆಯೋದ್ರಲ್ಲಿ ಹೊಸದು ಮಾಡ್ತಾನೆ. ಕಮ್ಮಾರನ ಅರ್ಧ ಬದುಕನ್ನ ಅಲ್ಲೇ ಕಿತ್ಕೊಂಡಿದ್ದಾರೆ. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಹೀಗಿರಲಿಲ್ಲ. ಅಲ್ಲಿ ಕವಚ ಸವೆದು ಮುರೀತಿತ್ತು, ರಿಪೇರಿಗೆ ಆಡುವವರಲ್ಲೇ ಒಬ್ಬ ಕಮ್ಮಾರನನ್ನ ಹುಡುಕ್ಕೊಂಡು ಹೋಗಬೇಕಿತ್ತು. ಯುದ್ಧಕ್ಕೇ ಹೋಗದೆ ಬರೀ ಕುಲುಮೆ ಮುಂದೆ ನಿಂತು ಬದುಕಿದವರೂ ಇದ್ರು.

ನಿಖಿಲ: ಅದರ ವಿನ್ಯಾಸಕ ರಾಫ್ ಕೋಸ್ಟರ್ ತಾನೇ ಮುಂದೆ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಮಾಡಿದ್ದು?

ವಸುಧಾ: ಹೌದು, 2003ರಲ್ಲಿ. ಅಲ್ಲಿ ಲೋಹದಲ್ಲೇ ಮೇಲುಕೀಳು ಇತ್ತು. ಒಂದು ಗ್ರಹದಲ್ಲಿ ಒಳ್ಳೇ ಉಕ್ಕಿನ ನಿಕ್ಷೇಪ ಕೆಲವು ದಿನ ಇದ್ದು ಮಾಯ ಆಗ್ತಿತ್ತು. ಅಷ್ಟರೊಳಗೆ ಸರ್ವೆ ಮಾಡಿ ಕೂಡಿಟ್ಟ ಕುಶಲಕರ್ಮಿಯ ಬಂದೂಕಿಗೆ ಜನ ದೂರದಿಂದ ಬರ್ತಿದ್ರು. 2005ರ ನವೆಂಬರ್‌ನಲ್ಲಿ ಕಂಪನಿಯವರು ಆಟವನ್ನೇ ತಿರುವಿ ಹಾಕಿ, ಹತ್ತಾರು ವೃತ್ತಿಗಳನ್ನ ಒಂಬತ್ತಕ್ಕೆ ಇಳಿಸಿದ್ರು. ಹಳಬರು ಅದನ್ನ ಕ್ಷಮಿಸಲಿಲ್ಲ. 2011ರ ಡಿಸೆಂಬರ್‌ನಲ್ಲಿ ಆಟವೇ ಮುಚ್ಚಿತು.

ನಿಖಿಲ: ಅಂದ್ರೆ ವಸ್ತು ಹಾಳಾಗಬೇಕು ಅಂತೀಯ?

ವಸುಧಾ: ಹಾಳಾಗದ ಲೋಕದಲ್ಲಿ ಕಮ್ಮಾರನಿಗೆ ಏನು ಕೆಲಸ? ‘ಈವ್’ ನೋಡು. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಅನ್ನೋ ಕಡೆ ಒಂದೇ ಕಾಳಗದಲ್ಲಿ 75 ಟೈಟನ್ ನೌಕೆಗಳು ಬೂದಿ ಆದ್ವು. ಆಟದಲ್ಲಿ ಅದಕ್ಕಿಂತ ದೊಡ್ಡ ನೌಕೆ ಇಲ್ಲ. ಒಂದೊಂದನ್ನೂ ಆಡುವವರೇ ಖನಿಜ ಅಗೆದು, ವಾರಗಟ್ಟಲೆ ಕಟ್ಟಿದ್ದು. ಒಡೆದದ್ದು ಒಡೆದೇ ಹೋಯ್ತು, ವಾಪಸ್ ಬರಲಿಲ್ಲ. ಅವತ್ತು ಅತ್ತವರು ನೌಕೆಯ ಒಡೆಯರು. ಕಟ್ಟುವವರಿಗೆ ಮಾರನೇ ದಿನದಿಂದ ಕೈತುಂಬಾ ಕೆಲಸ.

ನಿಖಿಲ: ನಿನ್ನ ದಾರಿಗೆ ಬರೋಣ ಈಗ. ಬರೀ ಆಯೋದು, ಮಾರೋದು, ಗೋಲ್ಡ್ ಕೂಡಿಡೋದು. ಆಯ್ದಕ್ಕಿ ಮಾರಯ್ಯನ ಕಥೆ ನೆನಪಿದೆಯಾ? ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯೋದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ತಂದಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದ್ಲು. ನಿನ್ನ ಆಕ್ಷನ್ ಹೌಸ್ ವ್ಯಾಪಾರ ನೋಡಿದ್ರೆ ಆಕೆ ನಿನ್ನನ್ನ ಒಳಗೇ ಬಿಡ್ತಿರಲಿಲ್ಲ.

ವಸುಧಾ: ಒಳ್ಳೇ ಪೆಟ್ಟು. ಆದ್ರೆ ಲಕ್ಕಮ್ಮ ಬೇಡ ಅಂದದ್ದು ಆಯೋದನ್ನಲ್ಲ, ಹೆಚ್ಚು ಆಯ್ದದ್ದನ್ನ. ಹೆಚ್ಚು ಅಂತ ಅವಳಿಗೆ ಗೊತ್ತಾದದ್ದು ಹೇಗೆ? ದಾಸೋಹಕ್ಕೆ ಉಣ್ಣೋಕೆ ಬರುವವರು ಅವಳ ಕಣ್ಣಮುಂದೆ ಇದ್ರು. ಅಳತೆ ಸಿಕ್ಕಿದ್ದು ಅವರಿಂದ. ನಿನ್ನ 300 ಅನ್ನೋ ಸಂಖ್ಯೆಗೆ ಅಂಥ ಅಳತೆ ಯಾರು ಕೊಟ್ರು? ಅದು ತುಂಬೋವರೆಗೂ ಮಾಡ್ತಾ ಹೋಗು ಅಂತ ಆಟ ಹೇಳುತ್ತೆ, ನೀನು ಮಾಡ್ತೀಯ.

ನಿಖಿಲ: ನಿನ್ನ ಗೋಲ್ಡ್‌ಗೂ ಇಲ್ಲ.

ವಸುಧಾ: ಕುದುರೆವರೆಗೂ ಇದೆ. ಆಮೇಲೆ ಇಲ್ಲ, ಒಪ್ಪಿದೆ.

ನಿಖಿಲ: ಹಾಗಾದ್ರೆ ಪ್ರಶ್ನೆ ಬದಲಾಗಬೇಕು. ಲಾಭ ಇದೆಯಾ ಅನ್ನೋದೂ ಅಲ್ಲ, ಮಜಾ ಇದೆಯಾ ಅನ್ನೋದೂ ಅಲ್ಲ. ನಾನು ಮಾಡೋ ವಸ್ತು ಯಾರಿಗೆ ಬೇಕು, ಮತ್ತೆ ಮತ್ತೆ ಬೇಕಾ ಅಂತ ಕೇಳ್ಕೋಬೇಕು.

ವಸುಧಾ: ಹಾಗೆ ಕೇಳಿದ್ರೆ ಈ ಆಟದ ಕಮ್ಮಾರನ ಹತ್ತಿರ ಉತ್ತರ ಇದೆ. ಆದ್ರೆ ಅದು ಕತ್ತಿ ಅಲ್ಲ, ಸಾಣೆಕಲ್ಲು.

ನಿಖಿಲ: ಮೊದಲನೇ ದಿನ ಕಲಿಸೋ ಆ ಕಲ್ಲಾ? ಸ್ಕಿಲ್ ಏರಿಸೋಕೆ ರಾಶಿ ಮಾಡಿ ಅಂಗಡಿಗೆ ಎಸೆಯೋದು ಅಂತ ಎಲ್ಲರೂ ಹೇಳ್ತಾರೆ.

ವಸುಧಾ: ಎಸೆಯೋರು ಎಸೀಲಿ. ರಫ್ ಕಲ್ಲು ಹಚ್ಚಿದ್ರೆ ಕತ್ತಿಯ ಪೆಟ್ಟಿಗೆ 2 ಸೇರುತ್ತೆ. ಅದಿರು ಬದಲಾದ ಹಾಗೆ ಕಲ್ಲೂ ಬದಲಾಗ್ತಾ ಹೋಗಿ, ಥೋರಿಯಂ ಅಗೆಯುವಾಗ ಸಿಗೋ ಡೆನ್ಸ್ ಕಲ್ಲಿಗೆ ಬಂದ್ರೆ 8. ಯಾರು ಬೇಕಾದ್ರೂ ಹಚ್ಕೋಬಹುದು, ಮಾಡೋನು ಮಾತ್ರ ಕಮ್ಮಾರನೇ ಆಗಬೇಕು. ಹಚ್ಚಿದ ಅರ್ಧ ಗಂಟೆಗೆ ಹರಿತ ಹೋಗುತ್ತೆ. ಮೋಲ್ಟನ್ ಕೋರ್ ಅನ್ನೋ ರೇಡ್‌ಗೆ ನಲವತ್ತು ಜನ ಹೋಗ್ತಾರೆ. ಅದರಲ್ಲಿ ಕತ್ತಿ ಹಿಡಿದ ಯೋಧರೆಷ್ಟು, ಒಂದು ರಾತ್ರಿಗೆ ಅರ್ಧ ಗಂಟೆಗಳೆಷ್ಟು, ಲೆಕ್ಕ ಹಾಕು.

ನಿಖಿಲ: ಆದ್ರೆ ಒಂದು ತೊಡಕಿದೆ. ಕಲ್ಲಿನ ಹೆಸರು ಬೇಗ ಬೂದಿ ಬಣ್ಣಕ್ಕೆ ತಿರುಗುತ್ತೆ. ಜನಕ್ಕೆ ಬೇಕಾದ್ದು ಮಾಡ್ತಾ ಕೂತ್ರೆ ಅಂಕ ಬರಲ್ಲ, ಅಂಕ ಬರೋದು ಮಾಡಿದ್ರೆ ಜನಕ್ಕೆ ಬೇಡ.

ವಸುಧಾ: ಅಲ್ಲೇ ಇರೋದು ನೋಡು. ಬೂದಿ ಆದ ಮೇಲೆ ಮಾಡೋನಿಗೆ ಆಟ ಏನೂ ಕೊಡಲ್ಲ. ಆಗಲೂ ಕುಲುಮೆ ಮುಂದೆ ನಿಂತಿದ್ರೆ ಯಾರೋ ಕೇಳಿದ್ದಾರೆ ಅಂತ ಅರ್ಥ. ನಿನಗೆ ಕಮ್ಮಾರಿಕೆ ಬೇಕಾ ಇಲ್ಲ 300 ಬೇಕಾ ಅನ್ನೋದು ಆವಾಗ ಗೊತ್ತಾಗುತ್ತೆ. ಮೊದಲೇ ಗೊತ್ತಾಗೋಕೆ ದಾರಿ ಇಲ್ಲ.

ನಿಖಿಲ: ನೀನು ಹೇಳೋದು ಕೇಳಿದ್ರೆ ಭಯ ಆಗುತ್ತೆ. ಯಾರಿಗೋ ಬೇಕು ಅಂತ ಮಾಡ್ತಾ ಹೋದ್ರೆ ನಾಳೆ ಗಿಲ್ಡ್‌ನವರು, ಅಂದ್ರೆ ನನ್ನ ತಂಡದವರು, ಅದನ್ನ ಹಕ್ಕು ಅಂದ್ಕೋತಾರೆ. ‘ಕಲ್ಲು ಎಲ್ಲಿ, ಎಂಟು ಗಂಟೆಗೆ ರೇಡ್’ ಅಂತ ಮೆಸೇಜ್ ಬರುತ್ತೆ. ಹಗಲು ಒಂದು ನೌಕರಿ, ರಾತ್ರಿ ಇನ್ನೊಂದು. ಸೂಟ್ಸ್‌ನ ಪ್ರಕಾರ ಇಷ್ಟಪಟ್ಟು ಒಪ್ಕೊಂಡ ಅಡ್ಡಿ ಇರಬೇಕು. ಇಲ್ಲಿ ಇಷ್ಟ ಎಲ್ಲಿ ಉಳೀತು?

ವಸುಧಾ: ಆ ಭಯ ಸುಳ್ಳಲ್ಲ. ಗಿಲ್ಡ್‌ಗೆ ಮದ್ದು ಅರೆದು ಅರೆದು ಆಟವನ್ನೇ ಬಿಟ್ಟವರನ್ನ ನಾನು ನೋಡಿದ್ದೀನಿ. ಅದಕ್ಕೇ ಬೆಲೆ ತಗೋ ಅನ್ನೋದು. ಬೆಲೆ ಅಂದ್ರೆ ಆಸೆಬುರುಕತನ ಅಲ್ಲ. ದುಡ್ಡು ಕೊಟ್ಟು ಕೊಳ್ಳೋನು ಹುಡುಗಾಟಕ್ಕೆ ಇಪ್ಪತ್ತು ಕಲ್ಲು ಕೇಳಲ್ಲ, ಬೇಕಾದಷ್ಟೇ ಕೇಳ್ತಾನೆ. ಬೇಡದ ದಿನ ‘ಇವತ್ತು ಅಂಗಡಿ ಇಲ್ಲ’ ಅನ್ನೋ ಧೈರ್ಯನೂ ನಿನಗೆ ಇರಬೇಕು.

ನಿಖಿಲ: ಸರಿ. ಕಮ್ಮಾರಿಕೆನೇ ತಗೋತೀನಿ. ಅಂಕಕ್ಕೋಸ್ಕರ ಆಕ್ಷನ್ ಹೌಸ್‌ನಲ್ಲಿ ಗಟ್ಟಿ ಕೊಳ್ಳಲ್ಲ. ನಡೆಯೋ ದಾರಿಯಲ್ಲಿ ಸಿಕ್ಕ ಅದಿರಿಗೆ ಎಷ್ಟು ಏರುತ್ತೋ ಅಷ್ಟು.

ವಸುಧಾ: ನಲವತ್ತಕ್ಕೆ ಕುದುರೆ ಇರಲ್ಲ, ನೆನಪಿರಲಿ. ಡೆನ್ಸ್ ಕಲ್ಲಿಗೆ ಸ್ಕಿಲ್ 250 ಬೇಕು, ಅದೂ ತಡ ಆಗುತ್ತೆ.

ನಿಖಿಲ: ಇರಲಿ. ಅಷ್ಟೆಲ್ಲ ಮಾಡಿದ ಮೇಲೂ ಯಾರೂ ಕೇಳದೇ ಹೋದ್ರೆ?

ವಸುಧಾ: ಕಸುಬು ಮರೆಯೋಕೆ ಅಲ್ಲೇ ಒಂದು ಬಟನ್ ಇದೆ. ಒತ್ತಿದ್ರೆ ಸ್ಕಿಲ್ ಪೂರ್ತಿ ಹೋಗುತ್ತೆ, ಚರ್ಮ ಸುಲಿಯೋದು ಕಲೀಬಹುದು.

ನಿಖಿಲ: ಪಟ್ಟ ಶ್ರಮ?

ವಸುಧಾ: ಹಚ್ಚಿದ ಕಲ್ಲು ಹಚ್ಚಿದ್ದೇ. ಅದರ ಹರಿತಕ್ಕೆ ಮೋಲ್ಟನ್ ಕೋರ್‌ನ ಒಡೆಯ ರಾಗ್ನರೋಸ್ ಸತ್ತದ್ದು ಸುಳ್ಳಾಗಲ್ಲ.

ನಿಖಿಲ: ಅಕ್ಕ, ರಾಗ್ನರೋಸ್ ಮುಂದಿನ ವಾರ ಮತ್ತೆ ಎದ್ದು ಬರ್ತಾನೆ.

ವಸುಧಾ: ಹಾಗಾದ್ರೆ ಮುಂದಿನ ವಾರಾನೂ ನಿನಗೆ ಗಿರಾಕಿ ಇದ್ದಾರೆ ಅಂತಾಯ್ತು.